ಹೊರಗಿನಿಂದ ಬಂದ ವೈದ್ಯಕೀಯ ವಿದ್ಯಾರ್ಥಿಗೆ ಒಂದು ಬೋಧನಾ ಆಸ್ಪತ್ರೆ ಕೊಟ್ಟಿದ್ದು: ತರಬೇತಿ ಕಾರ್ಯಕ್ರಮದ ವಿಮರ್ಶೆ

ವೈದ್ಯಕೀಯ ಪದವಿಯ ಕೊನೆಯ ಹಂತದಲ್ಲಿರುವ ವಿದ್ಯಾರ್ಥಿಗಳನ್ನು ಬೇರೆ ಕಾಲೇಜುಗಳಿಂದ ಸೇರಿಸಿಕೊಂಡು, ಕೆಲವು ವಾರಗಳ ಕಾಲ ತನ್ನ ವಾರ್ಡುಗಳಲ್ಲಿ ಕಲಿಸುವ ದೊಡ್ಡ ಬೋಧನಾ ಆಸ್ಪತ್ರೆಯೊಂದರಲ್ಲಿ ನಾನು ಇತ್ತೀಚೆಗೆ ಜನರಲ್ ಮೆಡಿಸಿನ್ ಪೋಸ್ಟಿಂಗ್ ಮುಗಿಸಿದೆ. ಮನೆಯಿಂದ ಬಹಳ ದೂರದ, ಪರಿಚಯದವರು ಯಾರೂ ಇಲ್ಲದ, ರೋಗಿಗಳಾಡುವ ಮಾತು ನನಗೆ ಅರೆಬರೆಯಾಗಿ ಮಾತ್ರ ತಿಳಿಯುವ ಊರು ಅದು. ಇಂಥ ಪೋಸ್ಟಿಂಗ್‌ಗೆ ಅರ್ಜಿ ಹಾಕುವವರು ಸಾಮಾನ್ಯವಾಗಿ ಆಸ್ಪತ್ರೆಯ ಹೆಸರು, ಹಾಸಿಗೆಗಳ ಸಂಖ್ಯೆ ಮತ್ತು ಅಲ್ಲಿಗೆ ಬರುವ ಅಪರೂಪದ ಕೇಸುಗಳನ್ನು ವಿಚಾರಿಸಿ ತೀರ್ಮಾನಕ್ಕೆ ಬರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ವಿದ್ಯಾರ್ಥಿ ರೋಗಿಯನ್ನು ಪರೀಕ್ಷಿಸುವಾಗ ಪಕ್ಕದಲ್ಲಿ ನಿಂತು ಕೊನೆಯವರೆಗೂ ನೋಡುವ, ನೋಡಿದ್ದನ್ನು ಆಮೇಲೆ ಅವನಿಗೆ ತಿಳಿಸಿ ಹೇಳುವ ಹಿರಿಯರು ಅಲ್ಲಿ ಇದ್ದಾರೆಯೇ? ಈ ವಿಮರ್ಶೆಯನ್ನು ಮುಖ್ಯವಾಗಿ ಆ ಪ್ರಶ್ನೆಯನ್ನೇ ಇಟ್ಟುಕೊಂಡು ಬರೆದಿದ್ದೇನೆ.

ಆಸ್ಪತ್ರೆಯ ಹೆಸರನ್ನಾಗಲಿ, ಊರನ್ನಾಗಲಿ ಇಲ್ಲಿ ಹೇಳುತ್ತಿಲ್ಲ. ಕಲಿಕೆಯ ಬಗ್ಗೆ ಬರೆಯುವಾಗ ರೋಗಿಗಳ ಪ್ರಸ್ತಾಪ ಬಂದೇ ಬರುತ್ತದೆ. ಅವರು ಯಾರೆಂದು ಊಹಿಸಲು ಸಣ್ಣ ಸುಳಿವೂ ಸಿಗಬಾರದು.

ಮೊದಲು ಬಂದಿಳಿದಾಗಿನ ವ್ಯವಸ್ಥೆಯ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಇಡೀ ಕಾರ್ಯಕ್ರಮದ ಅತ್ಯಂತ ದುರ್ಬಲ ಭಾಗ ಅದೇ. ಪ್ರವೇಶ ಪತ್ರದಲ್ಲಿ ಹಾಸ್ಟೆಲ್ ಕೊಠಡಿ ಕಾಯ್ದಿರಿಸಲಾಗಿದೆ ಎಂದು ಬರೆದಿದ್ದರೂ, ನಾನು ತಲುಪಿದಾಗ ವಾರ್ಡನ್ ಬಳಿ ನನ್ನ ಹೆಸರೇ ಇರಲಿಲ್ಲ. ವೈದ್ಯಕೀಯ ಶಿಕ್ಷಣ ವಿಭಾಗದ ಕಚೇರಿಗೂ ಹಾಸ್ಟೆಲಿಗೂ ನಡುವೆ ಪಟ್ಟಿಗಳ ವಿನಿಮಯವೇ ನಡೆದಿರಲಿಲ್ಲ. ಕೊಠಡಿ ಅದೇ ದಿನ ಸಂಜೆಯೊಳಗೆ ಸಿಕ್ಕಿತು, ಸ್ವಚ್ಛವಾಗಿಯೂ ಇತ್ತು, ಆದ್ದರಿಂದ ಅದನ್ನು ದೊಡ್ಡದು ಮಾಡುವುದಿಲ್ಲ. ನಿಜವಾಗಿ ತೊಂದರೆ ಕೊಟ್ಟಿದ್ದು ಗುರುತಿನ ಚೀಟಿ ಮತ್ತು ಕಂಪ್ಯೂಟರ್ ಲಾಗಿನ್. ಅಲ್ಲಿನ ಎಲ್ಲ ಲ್ಯಾಬ್ ವರದಿಗಳೂ, ಎಕ್ಸ್‌ರೇಗಳೂ, ಔಷಧಿ ಚಾರ್ಟುಗಳೂ ಕಂಪ್ಯೂಟರಿನಲ್ಲೇ ಇರುವುದರಿಂದ ಲಾಗಿನ್ ಇಲ್ಲದ ವಿದ್ಯಾರ್ಥಿ ತನ್ನ ರೋಗಿಯ ಹಿಮೋಗ್ಲೋಬಿನ್ ಎಷ್ಟು ಎಂಬುದನ್ನೂ ಇನ್ನೊಬ್ಬರನ್ನು ಕೇಳಿ ತಿಳಿಯಬೇಕು. ಬೆಳಗಿನ ರೌಂಡ್ಸ್‌ಗೆ ಮೊದಲು ಇಂಟರ್ನ್‌ಗಳು ಉಸಿರಾಡಲೂ ಬಿಡುವಿಲ್ಲದೆ ಓಡಾಡುತ್ತಿರುವಾಗ ಅವರನ್ನು ತಡೆದು ನಿಲ್ಲಿಸಿ ಕೇಳುವುದು ಹೊಸಬನಿಗೆ ಬಹಳ ಸಂಕೋಚದ ಕೆಲಸ. ಪೋಸ್ಟಿಂಗಿನ ಮೊದಲ ವಾರ ಪೂರ್ತಿ ಹೀಗೆಯೇ ಕಳೆಯಿತು. ತಿಂಗಳುಗಳ ಮೊದಲೇ ಅರ್ಜಿ ತೆಗೆದುಕೊಳ್ಳುವ ಸಂಸ್ಥೆಗೆ ವಿದ್ಯಾರ್ಥಿ ಬರುವ ದಿನಕ್ಕೆ ಒಂದು ಲಾಗಿನ್ ಸಿದ್ಧಪಡಿಸುವುದು ಕಷ್ಟವೇನಲ್ಲ.

ಅದೇ ಮೊದಲ ದಿನ ನಡೆದ ಪರಿಚಯ ತರಗತಿ ಮಾತ್ರ ಚೆನ್ನಾಗಿತ್ತು. ಕೈ ತೊಳೆಯುವ ಪಾಠವನ್ನು ಸ್ಲೈಡ್ ತೋರಿಸಿ ಮುಗಿಸದೆ, ಸೋಂಕು ನಿಯಂತ್ರಣ ವಿಭಾಗದ ಸಿಸ್ಟರ್ ಒಬ್ಬರು ನಮ್ಮನ್ನು ನೇರವಾಗಿ ವಾರ್ಡಿಗೆ ಕರೆದುಕೊಂಡು ಹೋಗಿ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭಗಳನ್ನು ಒಂದು ಹಾಸಿಗೆಯ ಸುತ್ತಲೇ ತೋರಿಸಿದರು: ರೋಗಿಯನ್ನು ಮುಟ್ಟುವ ಮೊದಲು, ಸೋಂಕುರಹಿತವಾಗಿ ಮಾಡಬೇಕಾದ ಕೆಲಸದ ಮೊದಲು, ದೇಹದ ದ್ರವಗಳು ತಗಲಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ 1847ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅವರು ಕ್ಲೋರಿನ್ ದ್ರಾವಣದಿಂದ ಕೈ ತೊಳೆಯಬೇಕೆಂಬ ನಿಯಮವನ್ನು ತಂದಿದ್ದು ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದ ವೈದ್ಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳಿಗಾಗಿಯೇ ಎಂಬುದನ್ನು ಅವರು ನೆನಪಿಸಿದರು. ವಿದ್ಯಾರ್ಥಿಯೂ ಸೋಂಕನ್ನು ಹೊತ್ತು ತರಬಲ್ಲ ಎಂದು ಅಷ್ಟು ನೇರವಾಗಿ ಹೇಳಿದ್ದು ನನಗೆ ಮೆಚ್ಚುಗೆಯಾಯಿತು.

ಇನ್ನು ಬೋಧನೆ. ವಿದ್ಯಾರ್ಥಿಗಳನ್ನು ಉಪನ್ಯಾಸ ಕೊಠಡಿಯಿಂದ ವಾರ್ಡಿಗೆ ಕರೆತಂದು, ರೋಗಿಯ ಹಾಸಿಗೆಯ ಬಳಿಯೇ ಕಲಿಸುವ ಪದ್ಧತಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಆಸ್ಲರ್ ಕೊಟ್ಟ ಮಹತ್ವ ಎಲ್ಲರಿಗೂ ತಿಳಿದದ್ದೇ. ಎಲ್ಲ ಕಾಲೇಜುಗಳೂ ಬೆಡ್‌ಸೈಡ್ ಕ್ಲಿನಿಕ್ ನಡೆಸುತ್ತೇವೆ ಎನ್ನುತ್ತವೆ, ನಡೆಸುತ್ತವೆ ಕೂಡ. ಆದರೆ ಬಹುತೇಕ ಕಡೆ ನಡೆಯುವ ಕ್ರಮ ಹೀಗಿರುತ್ತದೆ: ವಿದ್ಯಾರ್ಥಿ ಒಬ್ಬನೇ ಹೋಗಿ ಹಿಸ್ಟರಿ ತೆಗೆದುಕೊಳ್ಳುತ್ತಾನೆ, ಒಬ್ಬನೇ ಪರೀಕ್ಷಿಸುತ್ತಾನೆ, ಆಮೇಲೆ ಗುಂಪಿನ ಮುಂದೆ ಕೇಸ್ ಪ್ರೆಸೆಂಟ್ ಮಾಡುತ್ತಾನೆ. ಗುರುಗಳ ಕಿವಿಗೆ ಬೀಳುವುದು ಅವನ ವರದಿ ಮಾತ್ರ. ಹೊಟ್ಟೆಯ ಎಡಭಾಗದ ಅಂಗವಾದ ಗುಲ್ಮ ಕೈಗೆ ಸಿಗುತ್ತದೆ ಎಂದು ಅವನು ಹೇಳಿದರೆ, ಅದು ನಿಜವಾಗಿ ಅವನ ಬೆರಳಿಗೆ ಸಿಕ್ಕಿತೋ ಅಥವಾ ಕೇಸ್ ಶೀಟಿನಲ್ಲಿ ಓದಿದ್ದನ್ನು ಒಪ್ಪಿಸುತ್ತಿದ್ದಾನೋ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ತಪ್ಪಾಗಿ ಕೂತ ಕೈ ಪದವಿ ಮುಗಿಯುವವರೆಗೂ ತಪ್ಪಾಗಿಯೇ ಉಳಿದುಬಿಡಬಹುದು.

ಈ ಆಸ್ಪತ್ರೆಯಲ್ಲಿ ಪ್ರತಿ ವಾರವೂ ಹೊರಗಿನ ವಿದ್ಯಾರ್ಥಿಗಳಿಗೆ ಮಿನಿ-ಸಿಇಎಕ್ಸ್ ಎಂಬ ಮೌಲ್ಯಮಾಪನ ಕಡ್ಡಾಯ. 1990ರ ದಶಕದಲ್ಲಿ ಅಮೆರಿಕದ ಇಂಟರ್ನಲ್ ಮೆಡಿಸಿನ್ ಮಂಡಳಿ ರೂಪಿಸಿದ ಈ ಕ್ರಮದಲ್ಲಿ ಹಿರಿಯ ವೈದ್ಯರು ಸುಮಾರು 15ರಿಂದ 20 ನಿಮಿಷ, ನಿಜವಾದ ರೋಗಿಯೊಡನೆ ವಿದ್ಯಾರ್ಥಿ ಮಾಡುವ ಕೆಲಸವನ್ನು ನಡುವೆ ಬಾಯಿ ಹಾಕದೆ ನೋಡುತ್ತಾರೆ. ಮುಗಿದ ಮೇಲೆ ಕೆಲವು ನಿಮಿಷ ಕುಳಿತು ಮಾತಾಡುತ್ತಾರೆ. ಅಂಕಪಟ್ಟಿಯೂ ಇರುತ್ತದೆ, ಆದರೆ ಉಪಯೋಗಕ್ಕೆ ಬರುವುದು ಆ ಮಾತುಕತೆ. ನಮ್ಮ ಯೂನಿಟ್ ಚೀಫ್ ಇದನ್ನು ಕಿರಿಯರಿಗೆ ವಹಿಸದೆ ತಾವೇ ಮಾಡುತ್ತಿದ್ದರು. ಅಷ್ಟು ಒತ್ತಡದ ವಾರ್ಡಿನಲ್ಲಿ ಒಬ್ಬ ಚೀಫ್ ಹೊರಗಿನ ವಿದ್ಯಾರ್ಥಿಗೆಂದು ಅಷ್ಟು ಹೊತ್ತು ಎತ್ತಿಡುವುದು ಸಣ್ಣ ವಿಷಯವಲ್ಲ.

ಒಂದು ಉದಾಹರಣೆ ಕೊಟ್ಟರೆ ಇದು ಸ್ಪಷ್ಟವಾಗುತ್ತದೆ. ಉಸಿರಾಟದ ತೊಂದರೆಯೆಂದು ದಾಖಲಾಗಿದ್ದ ನಡುವಯಸ್ಸಿನ ಮಹಿಳೆಯೊಬ್ಬರನ್ನು ಪರೀಕ್ಷಿಸಲು ನನಗೆ ಹೇಳಿದ್ದರು. ನಾನು ಎದೆಯ ಮೇಲೆ ನಾಲ್ಕೂ ಕಡೆ ಸ್ಟೆತಾಸ್ಕೋಪಿನ ಡಯಾಫ್ರಮ್ (ಚಪ್ಪಟೆಯಾದ ಅಗಲ ಬದಿ) ಇಟ್ಟು ಕೇಳಿದೆ, ಮೊದಲ ಹೃದಯ ಶಬ್ದ ಸ್ವಲ್ಪ ಜೋರಾಗಿದೆ ಎಂದಷ್ಟೇ ತಿಳಿಯಿತು. ಚೀಫ್ ಕೊನೆಯವರೆಗೂ ಸುಮ್ಮನಿದ್ದು, ಆಮೇಲೆ ರೋಗಿಯ ಅನುಮತಿ ಕೇಳಿ ಅವರನ್ನು ನಿಧಾನವಾಗಿ ಎಡ ಮಗ್ಗುಲಿಗೆ ತಿರುಗಿಸಿದರು. ಹೃದಯದ ತುದಿಯ ಮಿಡಿತ ಎಲ್ಲಿದೆ ಎಂದು ನನ್ನ ಬೆರಳಿನಿಂದಲೇ ಹುಡುಕಿಸಿ, ಸ್ಟೆತಾಸ್ಕೋಪನ್ನು ಬೆಲ್ ಕಡೆಗೆ, ಅಂದರೆ ಬಟ್ಟಲಿನಂಥ ಬದಿಗೆ, ತಿರುಗಿಸಿ ಅಲ್ಲಿ ಇಡಲು ಹೇಳಿದರು. ನಾನು ಇಟ್ಟೆ, ಏನೂ ಕೇಳಲಿಲ್ಲ. ಅವರು ನನ್ನ ಮಣಿಕಟ್ಟನ್ನು ಹಿಡಿದು ಸ್ವಲ್ಪ ಮೇಲಕ್ಕೆತ್ತಿದರು, ಅಷ್ಟೇ. ಬೆಲ್ಲನ್ನು ಒತ್ತಿ ಹಿಡಿದರೆ ಕೆಳಗಿನ ಚರ್ಮ ಬಿಗಿಯಾಗಿ ಡಯಾಫ್ರಮ್‌ನಂತೆಯೇ ಕೆಲಸ ಮಾಡುತ್ತದೆ, ಕೆಳಸ್ಥಾಯಿಯ ಶಬ್ದಗಳು ಸೋಸಿಹೋಗುತ್ತವೆ. ಚರ್ಮಕ್ಕೆ ತಾಗಿದೆಯೋ ಇಲ್ಲವೋ ಎಂಬಷ್ಟು ಹಗುರವಾಗಿ ಇಟ್ಟಾಗ ಮಾತ್ರ ಅವು ಉಳಿಯುತ್ತವೆ. ರೋಗಿ ಉಸಿರು ಹೊರಬಿಟ್ಟು ತಡೆಹಿಡಿದ ಆ ಕೆಲವು ಕ್ಷಣಗಳಲ್ಲಿ, ಎರಡನೆಯ ಶಬ್ದದ ನಂತರ ಡಯಾಸ್ಟೋಲ್‌ನ (ಹೃದಯ ಸಡಿಲಗೊಳ್ಳುವ ಹೊತ್ತಿನ) ನಡುವೆ, ದೂರದ ಗುಡುಗಿನಂಥ ಮಂದವಾದ ಮರ್ಮರ್ (ರಕ್ತದ ಹರಿವಿನ ಅಸಹಜ ಸದ್ದು) ನನಗೆ ಕೇಳಿಸಿತು. ಮೈಟ್ರಲ್ ಸ್ಟೆನೋಸಿಸ್, ಅಂದರೆ ಹೃದಯದ ಮೈಟ್ರಲ್ ಕವಾಟ ಕಿರಿದಾಗಿರುವುದು. ಎಕೋ ಪರೀಕ್ಷೆ ಅದನ್ನೇ ಖಚಿತಪಡಿಸಿತು.

ಪುಸ್ತಕದಲ್ಲಿ ಇದೆಲ್ಲವೂ ಇದೆ. ಎಡ ಮಗ್ಗುಲು, ಬೆಲ್, ನಿಶ್ವಾಸದ ಕೊನೆ ಎಂಬ ಮೂರನ್ನೂ ಪರೀಕ್ಷೆಗೆಂದು ಬಾಯಿಪಾಠ ಮಾಡದ ವಿದ್ಯಾರ್ಥಿ ಇಲ್ಲ. ಆದರೆ ಕೈಯ ಒತ್ತಡ ಎಷ್ಟಿರಬೇಕು ಎಂಬುದನ್ನು ಯಾವ ಪುಟವೂ ಕಲಿಸಲಾರದು. ಅದನ್ನು ತಿದ್ದಬೇಕಾದರೆ ತಿದ್ದುವವರ ಕಣ್ಣು ವಿದ್ಯಾರ್ಥಿಯ ಕೈಯ ಮೇಲೆ ಇರಬೇಕು. ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯಲ್ಲಿ 1816ರಲ್ಲಿ ರೆನೆ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದಂದಿನಿಂದ ಇಂದಿನವರೆಗೆ ಉಪಕರಣ ಎಷ್ಟೋ ಬದಲಾಗಿದೆ, ಆದರೂ ಈ ವಿದ್ಯೆ ಇನ್ನೂ ಕೈಯಿಂದ ಕೈಗೇ ದಾಟಬೇಕಾಗಿದೆ.

ದೂರದ ಊರಿನಲ್ಲಿ ಕಲಿಯುವುದರ ನಿಜವಾದ ಲಾಭವೂ ಇಲ್ಲೇ ಇದೆ ಎಂದು ನನಗೆ ತೋರುತ್ತದೆ. ಸ್ವಂತ ಕಾಲೇಜಿನಲ್ಲಿ ಗುರುಗಳಿಗೆ ನಮ್ಮ ಬಗ್ಗೆ ಮೊದಲ ವರ್ಷದಿಂದಲೇ ಒಂದು ಅಭಿಪ್ರಾಯ ಇರುತ್ತದೆ. ಇವನು ಜಾಣ, ಇವನಿಗೆ ಗೊತ್ತಿರುತ್ತದೆ ಎಂದು ನಂಬಿ ಮುಂದೆ ಹೋಗುತ್ತಾರೆ, ಅಥವಾ ಇವನಿಂದ ಆಗದು ಎಂದು ಬಿಟ್ಟುಬಿಡುತ್ತಾರೆ. ಎರಡರಲ್ಲಿಯೂ ಯಾರೂ ನಿಂತು ನೋಡುವುದಿಲ್ಲ. ಹೊಸ ಜಾಗದಲ್ಲಿ ಯಾರಿಗೂ ನಮ್ಮ ಪರಿಚಯವಿಲ್ಲದ ಕಾರಣ ಪ್ರತಿಯೊಂದನ್ನೂ ಮೊದಲಿನಿಂದ ಮಾಡಿ ತೋರಿಸಬೇಕಾಗುತ್ತದೆ. ಆ ಅಪರಿಚಿತತೆಯನ್ನು ಆಸ್ಪತ್ರೆ ಸರಿಯಾಗಿ ಬಳಸಿಕೊಂಡರೆ ವಿದ್ಯಾರ್ಥಿ ಬೆಳೆಯುತ್ತಾನೆ. ಬಳಸಿಕೊಳ್ಳದಿದ್ದರೆ ಅವನು ರಕ್ತದ ಮಾದರಿಗಳನ್ನು ಲ್ಯಾಬಿಗೆ ಒಯ್ಯುವ ಇನ್ನೊಂದು ಜೊತೆ ಕೈಯಾಗಿ ಉಳಿಯುತ್ತಾನೆ. ಈ ಯೂನಿಟ್ ಬಳಸಿಕೊಂಡಿತು.

ಅದೇ ಮಹಿಳೆಯ ವಿಷಯದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ದಾಖಲಾದ ರಾತ್ರಿ ಅವರ ಹಿಸ್ಟರಿಯನ್ನು ಮಗನ ಮೂಲಕ ಬರೆದುಕೊಳ್ಳಲಾಗಿತ್ತು. "ಅಮ್ಮನಿಗೆ ಸುಸ್ತು" ಎಂದು ಮಗ ಹೇಳಿದ್ದ, ಅಷ್ಟೇ ಕೇಸ್ ಶೀಟಿನಲ್ಲಿತ್ತು. ಮರುದಿನ ಆಸ್ಪತ್ರೆಯ ದುಭಾಷಿಯನ್ನು ಕರೆಸಿ ಮತ್ತೆ ಕೇಳಿದಾಗ, ತಿಂಗಳುಗಳಿಂದ ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದೆ ಎಂದೂ, ಚಿಕ್ಕಂದಿನಲ್ಲಿ ಜ್ವರ ಬಂದು ಕೀಲುಗಳು ಒಂದಾದ ಮೇಲೊಂದು ಊದಿಕೊಂಡಿದ್ದವು ಎಂದೂ ಅವರು ಹೇಳಿದರು. ಹೃದಯದ ಕಾಯಿಲೆಯ ಕಡೆಗೆ ಬೆರಳು ತೋರಿಸುವ ಸುಳಿವುಗಳಿವು. ಮಗನಿಗೆ ಆತಂಕವಾಗಬಾರದೆಂದು ಇವನ್ನು ಮನೆಯಲ್ಲಿ ಹೇಳಿರಲೇ ಇಲ್ಲ. ಮನೆಯವರು ಪ್ರೀತಿಯಿಂದಲೇ ಅನುವಾದ ಮಾಡುತ್ತಾರೆ, ಆದರೆ ಆ ಪ್ರೀತಿಯೇ ಕೆಲವು ಮಾತುಗಳನ್ನು ನುಂಗಿಹಾಕುತ್ತದೆ. ಆಸ್ಪತ್ರೆಯಲ್ಲಿ ತರಬೇತಿ ಪಡೆದ ದುಭಾಷಿಗಳಿರುವುದು, ವಿದ್ಯಾರ್ಥಿಯೂ ಅವರನ್ನು ಕರೆಸಬಹುದಾಗಿರುವುದು ಬಹಳ ಒಳ್ಳೆಯ ವ್ಯವಸ್ಥೆ. ಸಂಜೆಯ ನಂತರ ಅವರು ಸಿಗುವುದಿಲ್ಲ ಎಂಬುದೇ ಕೊರತೆ. ತುರ್ತು ದಾಖಲಾತಿಗಳು ಹೆಚ್ಚಾಗಿ ಆಗುವುದೇ ಆ ಹೊತ್ತಿನಲ್ಲಿ. ಹೊರಗಿನಿಂದ ಬರುವವರು ಅಲ್ಲಿನ ಮಾತಿನಲ್ಲಿ ನೋವು, ಉಸಿರು, ವಾಂತಿ, ತಲೆಸುತ್ತು, ಎಂದಿನಿಂದ, ಎಲ್ಲಿ ಎಂಬ ಪದಗಳನ್ನಾದರೂ ಕಲಿತು ಬರುವುದು ಒಳ್ಳೆಯದು. ತಪ್ಪುತಪ್ಪಾಗಿ ಮಾತಾಡಿದರೂ ರೋಗಿಗಳು ಸಂತೋಷದಿಂದ ತಿದ್ದುತ್ತಾರೆ, ಮತ್ತು ಹಾಗೆ ತಿದ್ದುವಾಗ ನಮ್ಮೊಡನೆ ಸಲಿಗೆಯಿಂದ ಮಾತಿಗಿಳಿಯುತ್ತಾರೆ.

ನೈಟ್ ಡ್ಯೂಟಿಯ ಬಗ್ಗೆ ನನ್ನ ಅಭಿಪ್ರಾಯ ಮಿಶ್ರವಾಗಿದೆ. ಕಲಿಕೆಗೆ ರಾತ್ರಿಯಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಗುಂಪು ಇರುವುದಿಲ್ಲ, ರೆಸಿಡೆಂಟ್ ವೈದ್ಯರು ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡುತ್ತಾರೆ, ಕ್ಯಾಶುಯಲ್ಟಿಗೆ ಬಂದ ರೋಗಿಯನ್ನು ಮೊದಲ ನಿಮಿಷದಿಂದ ನೋಡುವ ಅವಕಾಶ ಸಿಗುತ್ತದೆ. ಪಾಳಿ ಬದಲಾಗುವಾಗಿನ ಹ್ಯಾಂಡೋವರ್ ಅನ್ನು ಅಲ್ಲಿ ಎಸ್‌ಬಿಎಆರ್ ಕ್ರಮದಲ್ಲಿ, ಅಂದರೆ ಈಗಿನ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಆಗಬೇಕಾದ ಕೆಲಸ ಎಂಬ ನಾಲ್ಕು ಭಾಗಗಳಲ್ಲಿ ಹೇಳುತ್ತಾರೆ. ವಿದ್ಯಾರ್ಥಿಗೂ ಒಬ್ಬ ರೋಗಿಯ ಹ್ಯಾಂಡೋವರ್ ಕೊಡಲು ಬಿಡುತ್ತಾರೆ. ಮಾತು ಹಿಡಿತದಲ್ಲಿಟ್ಟು ಮುಖ್ಯವಾದದ್ದನ್ನು ಮೊದಲು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿರಲಿಲ್ಲ.

ಆದರೆ ರಾತ್ರಿ ಡ್ಯೂಟಿ ಮಾಡಿದ ವಿದ್ಯಾರ್ಥಿಗೆ ಮರುದಿನ ರಜೆ ಎಂಬ ನಿಯಮ ಕಾಗದದ ಮೇಲೆ ಮಾತ್ರ ಇತ್ತು. ಬೆಳಗಿನ ರೌಂಡ್ಸ್‌ಗೆ ನಿಲ್ಲಬೇಕು, ಆಮೇಲೆ ತರಗತಿಗೆ ಹಾಜರಿ ಬೇಕು, ವಿಶ್ರಾಂತಿ ಕೋಣೆಯಲ್ಲಿ ಹೊರಗಿನ ವಿದ್ಯಾರ್ಥಿಗಳಿಗೆ ಹಾಸಿಗೆಯಿಲ್ಲ. ನ್ಯೂಯಾರ್ಕಿನಲ್ಲಿ 1984ರಲ್ಲಿ ಲಿಬ್ಬಿ ಜಯಾನ್ ಎಂಬ 18 ವರ್ಷದ ಯುವತಿ ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡ ನಂತರ ತರಬೇತಿ ವೈದ್ಯರ ದಣಿವು ಮತ್ತು ಮೇಲ್ವಿಚಾರಣೆಯ ಕೊರತೆ ಸಾರ್ವಜನಿಕ ಚರ್ಚೆಗೆ ಬಂದಿತು. ಆ ರಾಜ್ಯ 1989ರಲ್ಲಿ ರೆಸಿಡೆಂಟ್‌ಗಳ ಕೆಲಸಕ್ಕೆ ವಾರಕ್ಕೆ 80 ಗಂಟೆಗಳ ಮಿತಿ ಹಾಕಿತು, 2003ರಲ್ಲಿ ಅದು ಅಮೆರಿಕದಾದ್ಯಂತ ಜಾರಿಗೆ ಬಂದಿತು. ಸತತ 17 ಗಂಟೆ ಎಚ್ಚರವಿದ್ದವರ ಕಾರ್ಯಕ್ಷಮತೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ವಿದ್ಯಾರ್ಥಿ ಔಷಧಿ ಬರೆಯುವುದಿಲ್ಲ ನಿಜ, ಆದರೆ ಸೂಜಿ ಹಿಡಿಯುತ್ತಾನೆ, ನಿದ್ದೆಗಣ್ಣಿನಲ್ಲಿ ಅಪರಿಚಿತ ರಸ್ತೆಯಲ್ಲಿ ಹಾಸ್ಟೆಲಿಗೆ ಒಬ್ಬನೇ ಹೋಗುತ್ತಾನೆ. ಈ ನಿಯಮವನ್ನು ಕಾಗದದಿಂದ ವಾರ್ಡಿಗೆ ತರಬೇಕೆಂದು ಕಾರ್ಯಕ್ರಮದ ಸಂಯೋಜಕರಿಗೆ ನಾನು ಬರೆದು ಕೊಟ್ಟಿದ್ದೇನೆ.

ಸೂಜಿಯ ವಿಷಯ ಬಂದಾಗ ಈ ಆಸ್ಪತ್ರೆಯನ್ನು ಮನಸಾರೆ ಹೊಗಳಬೇಕು. ರೋಗಿಗೆ ಬಳಸಿದ ಸೂಜಿ ಚುಚ್ಚಿದರೆ, ರೋಗಿಗೆ ಸೋಂಕಿದ್ದ ಪಕ್ಷದಲ್ಲಿ, ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ 0.3, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ 6ರಿಂದ 30ರವರೆಗೆ ಇರುತ್ತದೆ. ಎಚ್‌ಐವಿ ತಡೆಯುವ ಔಷಧಿಯನ್ನು ಸಾಧ್ಯವಾದರೆ ಮೊದಲ ಕೆಲವು ಗಂಟೆಗಳಲ್ಲೇ, ಏನೇ ಆದರೂ 72 ಗಂಟೆಗಳೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಇದನ್ನೆಲ್ಲ ಓದಿಕೊಂಡಿದ್ದರೂ ಹೊಸ ಊರಿನಲ್ಲಿ ನಡುರಾತ್ರಿ ಸೂಜಿ ಚುಚ್ಚಿದಾಗ ಯಾವ ಬಾಗಿಲು ತಟ್ಟಬೇಕು ಎಂಬುದು ಗೊತ್ತಿಲ್ಲದಿದ್ದರೆ ಆ ಓದಿನಿಂದ ಪ್ರಯೋಜನವಿಲ್ಲ. ಇಲ್ಲಿ ಗುರುತಿನ ಚೀಟಿಯ ಹಿಂಬದಿಯಲ್ಲೇ ಕರೆ ಮಾಡಬೇಕಾದ ಸಂಖ್ಯೆ, ಗಾಯವನ್ನು ಹಿಂಡದೆ ಸೋಪು ನೀರಿನಿಂದ ತೊಳೆಯಬೇಕೆಂಬ ಸೂಚನೆ, ಔಷಧಿ ಸಿಗುವ ಕೋಣೆಯ ಗುರುತು ಮೂರನ್ನೂ ಅಚ್ಚು ಮಾಡಿರುತ್ತಾರೆ. ನಮ್ಮ ಜೊತೆಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ರೋಗಿಯ ರಕ್ತನಾಳಕ್ಕೆ ಕ್ಯಾನುಲಾ (ಸಣ್ಣ ಕೊಳವೆ) ಹಾಕುವಾಗ ಸೂಜಿ ತಾಗಿದಾಗ, ಯಾರೂ ಗದರದೆ, ವರದಿ ಬರೆಯುವುದನ್ನು ಆಮೇಲಕ್ಕೆ ಇಟ್ಟು, ಒಂದು ಗಂಟೆಯೊಳಗೆ ಅವಳಿಗೆ ಮೊದಲ ಮಾತ್ರೆ ಸಿಗುವಂತೆ ನೋಡಿಕೊಂಡರು. ವಾರ್ಡಿನ ಸಿಸ್ಟರ್ ಒಬ್ಬರು ಡ್ಯೂಟಿ ಮುಗಿದ ಮೇಲೂ ಅವಳ ಜೊತೆಗೇ ಕುಳಿತಿದ್ದರು. ರೋಗಿಯ ರಕ್ತದಲ್ಲಿ ಸೋಂಕಿಲ್ಲವೆಂದು ಮರುದಿನ ಖಚಿತವಾಯಿತು, ಔಷಧಿ ನಿಲ್ಲಿಸಿದರು. ಹೊರಗಿನವಳೆಂಬ ಭೇದ ಅಲ್ಲಿ ಎಲ್ಲಿಯೂ ಕಾಣಲಿಲ್ಲ.

ಒಂಟಿತನದ ಬಗ್ಗೆ ಬರೆಯದಿದ್ದರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. ದಿನವಿಡೀ ನೂರಾರು ಜನರ ನಡುವೆ ಇದ್ದೂ, ಸಂಜೆ ಕೊಠಡಿಗೆ ಬಂದಾಗ ಅಂದು ಕಂಡ ಸಾವಿನ ಬಗ್ಗೆ ಮಾತಾಡಲು ಒಬ್ಬರೂ ಇರುವುದಿಲ್ಲ. ಮನೆಗೆ ಕರೆ ಮಾಡಿದರೆ ಊಟವಾಯಿತೇ, ನಿದ್ದೆ ಬರುತ್ತಿದೆಯೇ ಎಂದು ಕೇಳುತ್ತಾರೆ. ಅವರ ದನಿ ಕೇಳಿದ ಮೇಲೆ ವಾರ್ಡಿನ ವಿಷಯ ಹೇಳಲು ಮನಸ್ಸು ಬರುವುದಿಲ್ಲ. ನಮ್ಮ ಯೂನಿಟ್ಟಿನ ರೋಗಿಯೊಬ್ಬರು ತೀರಿಕೊಂಡ ದಿನ ಸೀನಿಯರ್ ರೆಸಿಡೆಂಟ್ ನಮ್ಮನ್ನು ಪಕ್ಕದ ಕೋಣೆಗೆ ಕರೆದು, ಏನೇನು ಪ್ರಯತ್ನ ಮಾಡಿದೆವು, ಏಕೆ ಫಲಿಸಲಿಲ್ಲ ಎಂಬುದನ್ನು ವಿವರಿಸಿ, ನಮ್ಮ ಮಾತನ್ನೂ ಕೇಳಿಸಿಕೊಂಡರು. ಅದು ಅವರ ವೈಯಕ್ತಿಕ ಒಳ್ಳೆಯತನ. ಆಸ್ಪತ್ರೆಯ ಆಪ್ತ ಸಮಾಲೋಚಕರ ಸೇವೆ ಮಾತ್ರ ಅಲ್ಲಿನದೇ ವಿದ್ಯಾರ್ಥಿಗಳಿಗೆ ಮೀಸಲಾಗಿದ್ದು, ಹೊರಗಿನವರು ಹೆಸರು ನೋಂದಾಯಿಸಲು ಅವಕಾಶವಿಲ್ಲ. ಆ ಸೇವೆ ಹೆಚ್ಚು ಬೇಕಾಗಿರುವುದು ಮನೆಯಿಂದ ದೂರ ಬಂದವರಿಗೆ ಎಂಬುದನ್ನು ಆಡಳಿತದವರು ಗಂಭೀರವಾಗಿ ಯೋಚಿಸಬೇಕು.

ಗ್ರಂಥಾಲಯ ಚೆನ್ನಾಗಿದೆ, ರಾತ್ರಿ ತಡವಾಗಿಯೂ ತೆರೆದಿರುತ್ತದೆ. ಮಾಡಿದ ಕೆಲಸಗಳನ್ನು ಬರೆದಿಡುವ ಲಾಗ್‌ಬುಕ್ ವ್ಯವಸ್ಥೆ ಅಷ್ಟು ತೃಪ್ತಿಕರವಲ್ಲ: ಮಿನಿ-ಸಿಇಎಕ್ಸ್‌ನಲ್ಲಿ ಕಾಣುವ ಶ್ರದ್ಧೆ ಇಲ್ಲಿ ಇಲ್ಲ, ಪೋಸ್ಟಿಂಗಿನ ಕೊನೆಯಲ್ಲಿ ಎಲ್ಲ ಪುಟಗಳಿಗೂ ಒಟ್ಟಿಗೇ ಸಹಿ ಬೀಳುತ್ತದೆ. ಕೆಲಸ ಮಾಡಿದ ದಿನವೇ, ನೋಡಿದವರಿಂದಲೇ ಸಹಿ ಪಡೆದುಕೊಳ್ಳುವುದನ್ನು ನಾವು ಕೆಲವರು ನಮ್ಮಷ್ಟಕ್ಕೆ ರೂಢಿಸಿಕೊಂಡೆವು. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ.

ಈ ಕಾರ್ಯಕ್ರಮಕ್ಕೆ ಹೋಗಬೇಕೇ ಎಂದು ಕೇಳುವವರಿಗೆ, ಮೆಡಿಸಿನ್ ವಿಭಾಗಕ್ಕಾದರೆ ಖಂಡಿತ ಹೋಗಿ ಎನ್ನುತ್ತೇನೆ. ಉಳಿದ ವಿಭಾಗಗಳ ಬಗ್ಗೆ ಹಾಸ್ಟೆಲಿನಲ್ಲಿ ಕೇಳಿಬಂದ ಮಾತುಗಳು ಒಂದೇ ತೆರನಾಗಿರಲಿಲ್ಲ. ಒಂದೇ ಕಟ್ಟಡದೊಳಗೆ ಯೂನಿಟ್ಟಿನಿಂದ ಯೂನಿಟ್ಟಿಗೆ ಕಲಿಕೆ ಬದಲಾಗುವುದು ಎಲ್ಲ ಕಡೆಯೂ ಇರುವುದೇ. ಆದ್ದರಿಂದ ಈ ಆಸ್ಪತ್ರೆಗಾಗಲಿ, ಬೇರೆ ಯಾವುದಕ್ಕಾಗಲಿ ಅರ್ಜಿ ಹಾಕುವ ಮೊದಲು ಹಿಂದಿನ ಬ್ಯಾಚಿನಲ್ಲಿ ಅದೇ ಯೂನಿಟ್ಟಿಗೆ ಹೋಗಿಬಂದವರನ್ನು ಹುಡುಕಿ ಮಾತಾಡಿ. ನೀವು ರೋಗಿಯನ್ನು ಪರೀಕ್ಷಿಸುವಾಗ ಯಾರಾದರೂ ನಿಂತು ನೋಡಿದರೇ, ರಾತ್ರಿ ಡ್ಯೂಟಿಯ ಮರುದಿನ ನಿಜವಾಗಿ ಮಲಗಲು ಬಿಟ್ಟರೇ, ಸೂಜಿ ಚುಚ್ಚಿದರೆ ಯಾರಿಗೆ ಹೇಳಬೇಕೆಂದು ಮೊದಲ ದಿನವೇ ತಿಳಿಸಿದರೇ ಎಂದು ಕೇಳಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ 6 ತಿಂಗಳು ಬೇಕಾಗುವುದರಿಂದ, ಅದನ್ನು ಪೂರ್ತಿ ಪಡೆಯದವರು ಪ್ರವೇಶ ಪತ್ರಕ್ಕಾಗಿ ಕಾಯದೆ ಈಗಲೇ ಆರಂಭಿಸಬೇಕು. ಪೂರ್ತಿ ಪಡೆದವರು ಲಸಿಕೆಯ ದಾಖಲೆ ಮತ್ತು ಪ್ರತಿಕಾಯ ಪರೀಕ್ಷೆಯ ವರದಿಯ ಪ್ರತಿಯನ್ನು ಅರ್ಜಿಯ ಜೊತೆಗೇ ಕಳಿಸಿದರೆ ಮೊದಲ ವಾರದ ಓಡಾಟದಲ್ಲಿ ಅಷ್ಟಾದರೂ ಉಳಿಯುತ್ತದೆ.